ಕಾಗದದಲ್ಲಿ ಹದಿನೇಳು

ಕೊಲಂಬಿಯಾ ಹೊಳೆ ಸಮುದ್ರ ಸೇರುವ ನಮ್ಮ ಊರಿನಲ್ಲಿ ಲಾಮಜ್ಜನ ವಯಸ್ಸು ಕೇಳಿದವರು ಸ್ವಲ್ಪ ಹೊತ್ತು ಕಾಯಬೇಕಿತ್ತು. ಅಜ್ಜ ಮೊದಲು ಕೇಳಿದವರ ಮುಖ ನೋಡುತ್ತಿದ್ದರು. ಆಮೇಲೆ ಅವರ ಕೈಯಲ್ಲಿ ಪೆನ್ಸಿಲ್ ಇದೆಯೇ ಎಂದು ನೋಡುತ್ತಿದ್ದರು. ಪೆನ್ಸಿಲ್ ಇದ್ದರೆ ಒಂದು ವಯಸ್ಸು, ಇಲ್ಲದಿದ್ದರೆ ಇನ್ನೊಂದು. ಎರಡರ ನಡುವೆ ಐದು ವರ್ಷದ ಅಂತರ. ಒಬ್ಬನೇ ಮನುಷ್ಯ ಎರಡು ಸಲ, ಎರಡು ಅಪ್ಪಂದಿರಿಗೆ, ಐದು ವರ್ಷ ಬಿಟ್ಟು ಹುಟ್ಟಿದ್ದು ಹೇಗೆ ಎಂದರೆ, ಅದು ಹೀಗೆ.

ಚೀನಾದ ತೋಯ್‌ಸಾನ್ ಸೀಮೆಯ ಒಂದು ಹಳ್ಳಿಯಲ್ಲಿ ಮೋಕ್ ಮನೆತನದ ಕೊನೆಯ ಮಗನಾಗಿ ಸುಯ್ ಎಂಬ ಹುಡುಗ ಹುಟ್ಟಿದ. ಅದು ಮೊದಲನೆಯ ಹುಟ್ಟು, ಹೊಟ್ಟೆಯಿಂದ ಆದದ್ದು. ಆಗ ಚೀನೀ ಕೂಲಿಗಳು ಅಮೆರಿಕದೊಳಗೆ ಕಾಲಿಡಕೂಡದೆಂಬ ಕಾನೂನಿತ್ತು. ಆ ದೇಶದಲ್ಲೇ ಹುಟ್ಟಿದವನ ಮಗನಾದರೆ ಮಾತ್ರ ಒಳಗೆ ಬಿಡುತ್ತಿದ್ದರು. ಹಾಗಾಗಿ ಆ ಸೀಮೆಯಲ್ಲಿ ತೊಟ್ಟಿಲಿಗಿಂತ ಹೆಚ್ಚು ಮಕ್ಕಳು ಕಾಗದದಲ್ಲಿ ಹುಟ್ಟುತ್ತಿದ್ದರು.

ಪಕ್ಕದ ಹಳ್ಳಿಯ ಯೀ ಗೋಕ್ ತೋಂಗ್ ಕೊಲಂಬಿಯಾ ಹೊಳೆಯ ಮೀನಿನ ಕಾರ್ಖಾನೆಯಲ್ಲಿ ಅಡುಗೆಯವನಾಗಿದ್ದ. ತಾನು ಹುಟ್ಟಿದ್ದು ಸಾನ್‌ಫ್ರಾನ್ಸಿಸ್ಕೋದಲ್ಲಿ ಎಂದು ಬರೆಸಿಕೊಂಡಿದ್ದ. ದಾಖಲೆ ಎಲ್ಲಿ ಎಂದರೆ ಅಲ್ಲಿನ ಭೂಕಂಪದ ಬೆಂಕಿಯಲ್ಲಿ ಸುಟ್ಟುಹೋಯಿತು ಎನ್ನುವನು. ಸುಟ್ಟದ್ದು ನಿಜ, ಹುಟ್ಟಿದ್ದು ಸುಳ್ಳು. ಅದರ ಜೊತೆಗೆ, ಹಿಂದೊಮ್ಮೆ ಊರಿಗೆ ಹೋಗಿದ್ದಾಗ ತನಗೊಬ್ಬ ಮಗ ಹುಟ್ಟಿದ, ಬಾಕ್ ಲಾಮ್ ಎಂದು ಹೆಸರು ಎಂದೂ ಬರೆಸಿದ್ದ. ಹುಟ್ಟಿದ್ದು ಮಗಳು. ಅವಳು ಮದುವೆಯಾಗಿ ಸುಖವಾಗಿದ್ದಳು. ಮಗನ ಜಾಗ ಮಾತ್ರ ಕಾಗದದಲ್ಲಿ ಖಾಲಿ ಬಿದ್ದಿತ್ತು, ವರ್ಷಕ್ಕೊಂದರಂತೆ ವಯಸ್ಸು ಬೆಳೆಸಿಕೊಂಡು.

ಆ ಜಾಗವನ್ನು ಮೋಕ್ ಮನೆಯವರು ದುಡ್ಡು ಕೊಟ್ಟು ಕೊಂಡರು, ಅದಕ್ಕೆ ನಿಗದಿಯಾದವನು ಸುಯ್‌ನ ಅಣ್ಣ. ವಯಸ್ಸು ಹದಿನಾರು, ಮೈಕಟ್ಟು ಗಟ್ಟಿ, ಮೀಸೆ ಚಿಗುರಿತ್ತು. ಹಡಗು ಹೊರಡಲು ಒಂಬತ್ತು ದಿನವಿದೆ ಎನ್ನುವಾಗ ಅವನ ಪಾದದ ಮೇಲೆ ಎಮ್ಮೆ ನಿಂತುಕೊಂಡಿತು. ಬೇಕೆಂದು ನಿಂತದ್ದಲ್ಲ, ಎಮ್ಮೆಗೆ ಹಡಗಿನ ವಿಷಯ ತಿಳಿದಿರಲಿಲ್ಲ. ಟಿಕೀಟು ಬಂದಿತ್ತು, ಕಾಗದ ಬಂದಿತ್ತು, ಮನೆಯಲ್ಲಿ ಎರಡು ಕಾಲು ನೆಟ್ಟಗಿದ್ದ ಇನ್ನೊಬ್ಬ ಮಗನೆಂದರೆ ಸುಯ್. ಅವನಿಗೆ ಹನ್ನೆರಡು. ಹೀಗೆ ಒಂಬತ್ತು ದಿನದಲ್ಲಿ ಮೋಕ್ ಸುಯ್ ಹೋಗಿ ಯೀ ಬಾಕ್ ಲಾಮ್ ಆದ, ಹನ್ನೆರಡು ಹೋಗಿ ಹದಿನೇಳಾಯಿತು.

ಸಾನ್‌ಫ್ರಾನ್ಸಿಸ್ಕೋ ಬಳಿಯ ನಡುಗಡ್ಡೆಯಲ್ಲಿ ಇಳಿದವರನ್ನೆಲ್ಲ ಕೂಡಿಹಾಕಿ ಪ್ರಶ್ನೆ ಕೇಳುತ್ತಿದ್ದರು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು, ಅಕ್ಕಿಯ ಗುಡಾಣ ಯಾವ ಮೂಲೆಯಲ್ಲಿದೆ, ನಾಯಿ ಯಾವ ಬಣ್ಣ. ಹುಡುಗ ಯೀ ಮನೆಯ ನಾಯಿಯ ಬಾಲದ ತುದಿಯ ತನಕ ಬಾಯಿಪಾಠ ಮಾಡಿದ್ದ. ಅಧಿಕಾರಿ ತಲೆದೂಗಿ, ಎಲ್ಲ ಸರಿ, ಹದಿನೇಳಕ್ಕೆ ಇಷ್ಟು ಕುಳ್ಳಗಿದ್ದೀಯಲ್ಲ ಎಂದ. ಅದಕ್ಕೂ ಉತ್ತರ ಕಲಿಸಿ ಕಳಿಸಿದ್ದರು: ನಮ್ಮ ಮನೆತನವೇ ಕುಳ್ಳು. ಅಷ್ಟರಲ್ಲಿ ಬಾಗಿಲು ತೆರೆಯಿತು, ಸಾಕ್ಷಿ ಹೇಳಲು ಕಾಗದದ ಅಪ್ಪ ಗೋಕ್ ತೋಂಗ್ ತಲೆ ತಗ್ಗಿಸಿಕೊಂಡು ಒಳಬಂದ. ತಗ್ಗಿಸದಿದ್ದರೆ ಬಾಗಿಲ ಚೌಕಟ್ಟಿಗೆ ಹೊಡೆಯುತ್ತಿತ್ತು. ಅಷ್ಟು ಉದ್ದದ ಆಳು. ಅಧಿಕಾರಿಗಳು ಅವನನ್ನು ನೋಡಲು ಕತ್ತೆತ್ತಿದರು, ಹುಡುಗನನ್ನು ನೋಡಲು ಕತ್ತಿಳಿಸಿದರು. ಗೋಕ್ ತೋಂಗ್ ಕಣ್ಣು ಮಿಟುಕಿಸದೆ ಹೇಳಿದ.

"ಇವನ ತಾಯಿ ಕಡೆ."

ಒಂದು ತಿಂಗಳು ಇಟ್ಟುಕೊಂಡು ಬಿಟ್ಟುಬಿಟ್ಟರು.

ಹೊಳೆಯ ದಂಡೆಯಲ್ಲಿ ಕಂಬಗಳ ಮೇಲೆ ಕಾರ್ಖಾನೆ, ಅದರ ಹಿಂದೆ ಚೀನೀ ಆಳುಗಳ ಮನೆ. ಮನೆಯೆಂದರೆ ಒಂದು ಉದ್ದನೆಯ ಹಲಗೆ ಕಟ್ಟಡ, ಒಂದರ ಮೇಲೊಂದು ಮಂಚ, ನಡುವೆ ಊಟದ ಮೇಜು, ಮೂಲೆಯಲ್ಲಿ ಕೆಂಪು ಮುಖದ ಗ್ವಾನ್ ದೇವರ ಪಟ, ಹಿಂದೆ ಅಡುಗೆಮನೆ. ಹೆಂಗಸರಿಲ್ಲ, ಮಕ್ಕಳಿಲ್ಲ, ಮೂವತ್ತೆಂಟು ಗಂಡಸರು. ಗೋಕ್ ತೋಂಗ್ ದಾರಿಯಲ್ಲೇ ಹುಡುಗನಿಗೆ ಪಾಠ ಹೇಳಿದ್ದ. ನನ್ನನ್ನು ಅಪ್ಪ ಅನ್ನಬೇಕು. ಓಡಬಾರದು, ಹದಿನೇಳರವನು ಓಡುವುದಿಲ್ಲ. ಗಟ್ಟಿಯಾಗಿ ನಗಬಾರದು. ಅಳುವುದಿದ್ದರೆ ಈರುಳ್ಳಿ ಹೆಚ್ಚುವಾಗ ಅಳು, ಯಾರೂ ಕೇಳುವುದಿಲ್ಲ. ಆ ವರ್ಷ ಚೀನೀ ಮನೆಯ ಈರುಳ್ಳಿಯನ್ನೆಲ್ಲ ಹುಡುಗನೇ ಹೆಚ್ಚಿದ.

ಹಗಲು ಅವನ ಕೆಲಸ ಮೀನು ತೊಳೆಯುವುದು, ತಗಡಿನ ಡಬ್ಬಿ ಜೋಡಿಸುವುದು. ಬೇಸಿಗೆಯಲ್ಲಿ ಸಾಲ್ಮನ್ ಮೀನು ಹೊಳೆ ಏರಲು ಶುರುವಾದರೆ ದೋಣಿಗಳು ತುಂಬಿ ಬರುತ್ತಿದ್ದವು, ಹದಿಮೂರು ತಾಸು ಬಿಡುವಿಲ್ಲ. ತೊಟ್ಟಿ ಅವನ ಎದೆಮಟ್ಟಕ್ಕಿದ್ದುದರಿಂದ ಒಂದು ಪೆಟ್ಟಿಗೆಯ ಮೇಲೆ ನಿಂತು ತೊಳೆಯುತ್ತಿದ್ದ. ಭಾನುವಾರ ಉಳಿದವರ ಸಾಲಿನಲ್ಲಿ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಕ್ಷೌರದವನು ನೊರೆ ಬಳಿದು, ಒಂದು ಕೂದಲೂ ಇಲ್ಲದ ಕೆನ್ನೆಯ ಮೇಲೆ ಕತ್ತಿಯ ಹಿಂಬದಿ ಎಳೆದು, ಗಡ್ಡ ಒರಟು ಕಣಯ್ಯ ನಿಂದು ಎನ್ನುವನು. ಹುಡುಗ ಗಂಭೀರವಾಗಿ ಹೌದೆನ್ನುವನು.

ಹೀಗೆ ನಡೆಯುತ್ತಿರುವಾಗ ಜುಲೈ ತಿಂಗಳಲ್ಲಿ, ಮೀನು ರಾಶಿ ಬಿದ್ದಿದ್ದ ಒಂದು ದಿನ, ಮಿಸೆಸ್ ಹಾರ್ಗ್ರೀವ್ ಬಂದಳು. ಕಾರ್ಖಾನೆಗಳಲ್ಲಿ ಸಣ್ಣ ಮಕ್ಕಳನ್ನು ದುಡಿಸುತ್ತಾರೋ ಎಂದು ತಪಾಸಣೆ ಮಾಡುವವಳು. ಅವಳ ಟೋಪಿಯ ಮೇಲೆ ಸತ್ತ ಹಕ್ಕಿಯೊಂದು ರೆಕ್ಕೆ ಬಿಚ್ಚಿ ಕೂತಿತ್ತು, ಹಾಗಾಗಿ ನಮ್ಮವರು ಅವಳನ್ನು ಹಕ್ಕಿಯಮ್ಮ ಎಂದರು. ಅವಳು ಪೆಟ್ಟಿಗೆಯ ಮೇಲೆ ನಿಂತ ಹುಡುಗನನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಪೆನ್ಸಿಲ್ ತೆಗೆದಳು.

ಇವನ ವಯಸ್ಸೆಷ್ಟು ಎಂದಳು. ಹದಿನಾರರ ಕೆಳಗಿದ್ದರೆ ಕೆಲಸ ಬಿಡಿಸಿ ಶಾಲೆಗೆ ಹಾಕುತ್ತಾಳೆ. ಅಷ್ಟೇ ಆದರೆ ಚಿಂತೆಯಿಲ್ಲ. ಆದರೆ ಅವನು ಹದಿನಾರರ ಕೆಳಗೆಂದು ಬರೆದರೆ ಕಾಗದದ ಹದಿನೇಳು ಸುಳ್ಳಾಯಿತು. ಕಾಗದ ಸುಳ್ಳಾದರೆ ಹುಡುಗನೂ ಅವನ ಅಪ್ಪನೂ ಮುಂದಿನ ಹಡಗಿನಲ್ಲಿ ಚೀನಾಕ್ಕೆ. ಇದು ಅಲ್ಲಿದ್ದ ಮೂವತ್ತೆಂಟು ಜನಕ್ಕೂ ಗೊತ್ತಿತ್ತು. ಹಾಗಾಗಿ ಎಲ್ಲರೂ ಸಹಾಯಕ್ಕೆ ನುಗ್ಗಿದರು, ಅಲ್ಲೇ ಕೆಟ್ಟಿತು.

ಇಂಗ್ಲಿಷು ಬಲ್ಲ ಸೀತೋ ಮೇಸ್ತ್ರಿ ಹದಿನೇಳು ಎಂದ. ಮೀನು ಸೀಳುವುದರಲ್ಲಿ ಹೆಸರು ಮಾಡಿದ್ದ ಮುದುಕ ಲೋಕ್ ದೊಡ್ಡಪ್ಪನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದುದೇ ಅಂಕಿಗಳು. ಅವನು ಹದಿನೆಂಟು ಎಂದ. ನಮ್ಮ ಕಡೆ ಮಗು ಹುಟ್ಟಿದ ದಿನವೇ ಅದಕ್ಕೆ ಒಂದು ವರ್ಷ ತಾನೇ. ಡಬ್ಬಿಗೆ ಬೆಸುಗೆ ಹಾಕುವವನೊಬ್ಬ, ವರ್ಷದ ಕೊನೆಯ ವಾರದಲ್ಲಿ ಹುಟ್ಟಿದವನಿಗೆ ಹೊಸವರ್ಷಕ್ಕೆ ಇನ್ನೊಂದು ಸೇರುತ್ತದೆ ಎಂದು ಲೆಕ್ಕ ಹಾಕಿ ಹತ್ತೊಂಬತ್ತು ಎಂದು ಕೂಗಿದ. ಹಕ್ಕಿಯಮ್ಮ ಮೂರನ್ನೂ ಬರೆದುಕೊಂಡಳು. ಇನ್ನು ಸ್ವಲ್ಪ ಹೊತ್ತು ನಿಂತರೆ ಇವನು ನನಗಿಂತ ದೊಡ್ಡವನಾಗುತ್ತಾನೆ ಎಂದಳು. ಶನಿವಾರ ಮತ್ತೆ ಬರುತ್ತೇನೆ, ನನಗೆ ನನ್ನದೇ ಪರೀಕ್ಷೆಯಿದೆ ಎಂದೂ ಹೇಳಿದಳು. ಹೋಗುವ ಮುಂಚೆ ಹುಡುಗನ ಹತ್ತಿರ ಬಗ್ಗಿ ಶಾಲೆಯ ವಿಷಯ ಏನೇನೋ ಹೇಳಿದಳು. ಹುಡುಗ ಮೇಸ್ತ್ರಿಯ ಕಡೆ ತಿರುಗಿದ.

"ಅಲ್ಲಿ ಏನ್ ಕೆಲಸ ಮೇಸ್ತ್ರಿ?"

"ಕೆಲಸ ಏನೂ ಇಲ್ವಂತೆ. ಕೂತ್ಕೊಂಡು ಓದೋದು. ಮಧ್ಯಾಹ್ನ ಗಂಟೆ ಹೊಡೆದ್ರೆ ಆಟ."

"ಯಾರ್ ಆಡೋದು?"

"ನೀನೇ ಕಣೋ."

ಹುಡುಗ ಅದನ್ನು ನಂಬಲಿಲ್ಲ. ಆದರೆ ಆ ದಿನವೆಲ್ಲ ಮೀನು ತೊಳೆಯುತ್ತ, ಗಂಟೆ ಹೊಡೆದರೆ ಆಟ, ಗಂಟೆ ಹೊಡೆದರೆ ಆಟ ಎಂದು ಬಾಯೊಳಗೇ ಗುನುಗುತ್ತಿದ್ದ. ಗೋಕ್ ತೋಂಗ್ ಅದನ್ನು ಕೇಳಿಸಿಕೊಂಡ. ಆ ದಿನದ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಶನಿವಾರಕ್ಕೆ ಐದು ದಿನ. ಐದು ದಿನದಲ್ಲಿ ಐದು ವರ್ಷ ಬೆಳೆಸಬೇಕು. ಚೀನೀ ಮನೆಯಲ್ಲಿ ಎಲ್ಲರೂ ಪಂಡಿತರಾದರು. ಒಬ್ಬ ಮಸಿಯಿಂದ ಮೀಸೆ ಬರೆದ. ಸೆಖೆಗೆ ಅದು ಇಳಿದು ಗಡ್ಡವಾಯಿತು. ಒಬ್ಬ ಹೊಗೆಕೊಳವೆ ಕೊಟ್ಟ. ಹುಡುಗ ಒಂದು ದಮ್ಮು ಎಳೆದು ತಲೆ ತಿರುಗಿ ಕೂತ. ಕೊನೆಗೆ ಬೆಂಕಿಯಿಲ್ಲದ ಕೊಳವೆ ಬಾಯಲ್ಲಿಟ್ಟುಕೊಂಡರೆ ಸಾಕೆಂದು ತೀರ್ಮಾನವಾಯಿತು. ಇನ್ನೊಬ್ಬ, ಊರಲ್ಲಿ ಹೆಂಡತಿಯಿದ್ದಾಳೆಂದು ಹೇಳು ಎಂದ. ಹೆಂಡತಿ ಹೇಗಿದ್ದಾಳೆ ಎಂದು ಕೇಳಿದರೆ ಎಂದು ಹುಡುಗ ಕೇಳಿದ. ಆ ಮನುಷ್ಯ ಊರು ಬಿಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಅವನು ಬಹಳ ಹೊತ್ತು ಯೋಚಿಸಿ, ಆ ಉಪಾಯ ಬೇಡ ಬಿಡು ಎಂದ.

ಇದನ್ನೆಲ್ಲ ನೋಡುತ್ತಿದ್ದ ಲೋಕ್ ದೊಡ್ಡಪ್ಪ ಎದ್ದು ಬಂದ. ಹೊಸ ಕಬ್ಬಿಣದ ಯಂತ್ರ ಬಂದು ಅವನ ಮೀನು ಸೀಳುವ ಕೆಲಸವನ್ನು ಕಸಿದುಕೊಂಡಿತ್ತು. ಆ ಮೇಲೆ ಅವನಿಗೆ ಉಳಿದಿದ್ದ ಕಸುಬು ಒಂದೇ.

"ದೊಡ್ಡೋನಾಗೋದು ಅಂದ್ರೆ ಮೀಸೆ ಅಲ್ಲ ಕಣೋ, ಗೊಣಗೋದು," ಎಂದ. "ಚಿಕ್ಕ ಮಕ್ಳು ಅಳ್ತಾರೆ, ದೊಡ್ಡೋರು ಗೊಣಗ್ತಾರೆ. ವ್ಯತ್ಯಾಸ ಅಷ್ಟೆ. ಎಲ್ಲಿ, ಸೊಂಟ ಹಿಡ್ಕೊ."

ಹುಡುಗ ಸೊಂಟ ಹಿಡಿದ. ದೊಡ್ಡಪ್ಪ ಒಂದೊಂದಾಗಿ ಕಲಿಸಿದ: ಏಳುವಾಗ ಒಂದು ನಿಟ್ಟುಸಿರು, ಕೂರುವಾಗ ಒಂದು. ಅನ್ನ ಗಟ್ಟಿಯಾಯಿತು. ಚಹಾ ನೀರಾಯಿತು. ಈ ಕಾಲದ ಮೀನಿಗೆ ರುಚಿಯೆಲ್ಲಿ. ಹುಡುಗನಿಗೆ ಈ ವಿದ್ಯೆ ನೀರು ಕುಡಿದಷ್ಟು ಸಲೀಸಾಗಿ ಬಂತು. ಮೂರನೆಯ ದಿನಕ್ಕೆ ಅವನು ಅಡುಗೆಯ ಬಗ್ಗೆ ಎಷ್ಟು ಚೆನ್ನಾಗಿ ಗೊಣಗಿದನೆಂದರೆ ಗೋಕ್ ತೋಂಗ್ ನಿಜವಾಗಿಯೇ ಸಿಟ್ಟಾಗಿ ಸೌಟು ಎಸೆದ.

ಗುರುವಾರ ಹೊಳೆಯ ಮೇಲ್ಭಾಗದಿಂದ ದೋಣಿಯವರು ಸುದ್ದಿ ತಂದರು. ಹಕ್ಕಿಯಮ್ಮನ ಪರೀಕ್ಷೆ ಏನೆಂದು ಗೊತ್ತಾಯಿತು. ಅವಳ ಹತ್ತಿರ ಗೋಲಿಗಳ ಚೀಲವಿದೆ. ಬಣ್ಣಬಣ್ಣದ ಗಾಜಿನ ಗೋಲಿ. ಮಾತಾಡುತ್ತ ಮಾತಾಡುತ್ತ ಕೈ ಜಾರಿದ ಹಾಗೆ ನೆಲಕ್ಕೆ ಚೆಲ್ಲುತ್ತಾಳೆ. ಯಾವನ ಕೈ ಮುಂದೆ ಹೋಯಿತೋ ಅವನು ಶಾಲೆಗೆ. ಹೀಗೆ ನಲವತ್ತೊಂದು ಮಕ್ಕಳನ್ನು ಹಿಡಿದಿದ್ದಾಳಂತೆ, ಅದರಲ್ಲಿ ಮೂವರಿಗೆ ಮೀಸೆಯೂ ಇತ್ತಂತೆ.

ಇಡೀ ಮನೆ ಹುಡುಗನ ತರಬೇತಿಗೆ ನಿಂತಿತು. ಅವನನ್ನು ಬೆಂಚಿನ ಮೇಲೆ ಕೂರಿಸಿ, ಏಟಿಗೆ ಸೌಟು ಹಿಡಿದು, ಎದುರಿಗೆ ಒಣಗಿದ ಲೀಚಿ ಹಣ್ಣು ಉರುಳಿಸಿದರು. ಕೈ ಹೋಯಿತು, ಸೌಟು ಬಿತ್ತು. ಅಂಗಿಯ ಗುಂಡಿಗಳನ್ನು ಉರುಳಿಸಿದರು. ಕೈ ಹೋಯಿತು, ಸೌಟು ಬಿತ್ತು. ಅಡುಗೆಮನೆಯ ಬೆಕ್ಕಿನ ಮರಿ ತಂದು ಬಿಟ್ಟರು. ಅದಕ್ಕೆ ಕೈ ಹೋಗದಿರುವುದಕ್ಕೆ ಒಂದು ದಿನವೇ ಹಿಡಿಯಿತು. ಶುಕ್ರವಾರ ಸಂಜೆಯ ಹೊತ್ತಿಗೆ ಮರಿ ಅವನ ತೊಡೆಯ ಮೇಲೆ ಹತ್ತಿ ಬಾಲ ಆಡಿಸಿದರೂ ಹುಡುಗ ಮೂಲೆಯ ಗ್ವಾನ್ ದೇವರ ಹಾಗೆ ಕೂತಿದ್ದ. ಎಲ್ಲರೂ ಬೆನ್ನು ತಟ್ಟಿದರು. ಒಂದು ಸಂಗತಿ ಮಾತ್ರ ಆ ಮೂವತ್ತೆಂಟು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಅವರು ತಯಾರು ಮಾಡಿದ್ದು ಹುಡುಗನೊಬ್ಬನನ್ನೇ.

ಶನಿವಾರ ಮಧ್ಯಾಹ್ನ ಹಕ್ಕಿಯಮ್ಮ ಬಂದಳು. ಮೀನು ಕಡಿಮೆಯಿದ್ದ ದಿನ, ಎಲ್ಲರೂ ಮನೆಯಲ್ಲಿದ್ದರು, ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ಹುಡುಗ ಬಾಯಲ್ಲಿ ಕೊಳವೆ ಇಟ್ಟುಕೊಂಡು, ಸೊಂಟದ ಮೇಲೊಂದು ಕೈ ಇಟ್ಟುಕೊಂಡು ಕೂತಿದ್ದ. ಹಕ್ಕಿಯಮ್ಮ ಎದುರು ಕೂತು, ಹವೆಯ ಬಗ್ಗೆ ಒಂದೆರಡು ಮಾತಾಡಿ, ಕರವಸ್ತ್ರ ತೆಗೆಯುವ ನೆಪದಲ್ಲಿ ಚೀಲ ಬೀಳಿಸಿದಳು.

ಹಲಗೆ ನೆಲದ ಮೇಲೆ ಗೋಲಿಗಳು ಸದ್ದು ಮಾಡುತ್ತ ಹರಡಿದವು. ಹಸಿರು, ನೀಲಿ, ಹಾಲುಬಿಳುಪಿನೊಳಗೆ ಹಳದಿ ಸುರುಳಿ. ಬಿಸಿಲು ಬಿದ್ದು ಗೋಡೆಯ ತುಂಬ ಚುಕ್ಕಿ ಆಡಿದವು. ಕೆಂಪು ಸುರುಳಿಯದೊಂದು ಉರುಳಿ ಬಂದು ಹುಡುಗನ ಚಪ್ಪಲಿಗೆ ತಾಗಿ ನಿಂತಿತು. ಹುಡುಗ ಅಲುಗಲಿಲ್ಲ. ಚಹಾ ನೀರಾಗಿದೆ ಎಂದು ಗೊಣಗಿದ.

ಆಗ ನೆಲದ ಮೇಲೆ ಒಂದು ಕೈ ಚಾಚಿತು. ಉದ್ದನೆಯ ಕೈ. ಅಡುಗೆಮನೆಯಿಂದ ಇಣುಕಿದ್ದ ಗೋಕ್ ತೋಂಗ್ ನೀಲಿ ಗೋಲಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಅವನ ಹಳ್ಳಿಯಲ್ಲಿ ಹುಡುಗರು ಆಲಿವ್ ಕಾಯಿಯ ಬೀಜಗಳನ್ನು ಹೀಗೇ ಹೊಡೆದು ಆಡುತ್ತಿದ್ದರು. ಅವನು ಒಂದು ಬೇಸಿಗೆ ಆಡಿದ್ದ. ಎರಡನೆಯ ಬೇಸಿಗೆಗೆ ಅವನನ್ನು ಹಡಗಿಗೆ ಹತ್ತಿಸಿದ್ದರು. ಅವನು ಮಂಡಿಯೂರಿ, ನಡುಬೆರಳು ಹಿಂದಕ್ಕೆಳೆದು, ಹೊಡೆದ. ನೀಲಿ ಹೋಗಿ ಹಸಿರನ್ನು ಹೊಡೆಯಿತು.

"ಅದು ಹೊಡೆತ ಅಲ್ಲ, ತಳ್ಳಿದ್ದು," ಎಂದ ಲೋಕ್ ದೊಡ್ಡಪ್ಪ, ಆಗಲೇ ನೆಲದ ಮೇಲಿದ್ದ.

ಆಮೇಲೆ ಯಾರು ಯಾವಾಗ ಇಳಿದರೋ ಹೇಳಲಾಗದು. ಹಲಗೆಯಲ್ಲಿ ಮರದ ಗಂಟು ಕಳಚಿಬಿದ್ದ ತೂತೊಂದಿತ್ತು, ಅದೇ ಕುಳಿಯಾಯಿತು. ಬೆಸುಗೆಯವನು ಮೊಣಕೈಯಿಂದ ನೂಕಿದ. ಹೆಂಡತಿಯ ಮುಖ ಮರೆತವನು ಮೋಸ ಮಾಡಿದ. ಲೋಕ್ ದೊಡ್ಡಪ್ಪ ಸೊಂಟ ಹಿಡಿದುಕೊಳ್ಳುವುದನ್ನೇ ಮರೆತು ಮೇಜಿನ ಕೆಳಗೆ ನುಸುಳಿದ. ಹಕ್ಕಿಯಮ್ಮ ಏನೋ ಕೇಳಿದಳು. ಸೀತೋ ಮೇಸ್ತ್ರಿ, ಸ್ವಲ್ಪ ತಡೀರಿ ಅಮ್ಮ, ಗುರಿ ಹಿಡಿದಿದ್ದೇನೆ ಎಂದ, ಅದೂ ಚೀನೀ ಭಾಷೆಯಲ್ಲಿ.

ಹುಡುಗ ಬೆಂಚಿನ ಮೇಲೆ ಒಬ್ಬನೇ ಉಳಿದ. ಅವನ ಬೆರಳುಗಳು ಒಂದನ್ನೊಂದು ಹಿಂಡಿಕೊಂಡು ತೊಡೆಗಳ ನಡುವೆ ಸಿಕ್ಕಿಕೊಂಡಿದ್ದವು. ಗೋಕ್ ತೋಂಗ್‌ನ ಒಂದು ಹೊಡೆತ ಕುಳಿಯಿಂದ ಕೂದಲೆಳೆಯಷ್ಟು ಆಚೆ ಹೋಯಿತು. ತಾನಾಗಿದ್ದರೆ ಎಡಗಡೆಯಿಂದ ಹೊಡೆಯುತ್ತಿದ್ದೆ ಎಂದು ಹುಡುಗನಿಗೆ ಅನಿಸಿತು. ಮೈ ಮುಂದಕ್ಕೆ ಬಾಗಿತು. ಅಷ್ಟರಲ್ಲಿ ಅವನ ಮೂಗಿಗೆ ವಾಸನೆ ಬಂತು. ಗೋಕ್ ತೋಂಗ್‌ನ ಮೂವತ್ತು ವರ್ಷದ ಅಡುಗೆಯಲ್ಲಿ ಎಂದೂ ಬರದ ವಾಸನೆ.

"ಅಪ್ಪಾ, ಅನ್ನ ಸೀದೋಗ್ತಿದೆ."

ಯಾರೂ ಕೇಳಲಿಲ್ಲ. ಹುಡುಗ ನಿಟ್ಟುಸಿರು ಬಿಟ್ಟು ಎದ್ದ, ಗೋಲಿಗಳನ್ನು ದಾಟಿಕೊಂಡು ಅಡುಗೆಮನೆಗೆ ಹೋದ, ಕಡಾಯಿ ಇಳಿಸಿದ, ವಾಪಸು ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತ.

"ಇಷ್ಟು ವಯಸ್ಸಾಯ್ತು, ನಾಚ್ಕೆ ಆಗಲ್ವ ನಿಮ್ಗೆ? ಮನೇಗೆ ಯಾರೋ ಬಂದಿದಾರೆ. ಏಳಪ್ಪ ಮೇಲೆ. ದೊಡ್ಡಪ್ಪ, ನೀನೂ. ಮೊಣಕಾಲು ಹಿಡ್ಕೊಂಡ್ರೆ ನಾಳೆ ನಾನೇ ಎಣ್ಣೆ ಹಚ್ಬೇಕು."

ಮೂವತ್ತೆಂಟು ಗಂಡಸರು ತಲೆ ತಗ್ಗಿಸಿಕೊಂಡು ಎದ್ದರು. ಹಕ್ಕಿಯಮ್ಮ ಮೇಸ್ತ್ರಿಯ ಮೂಲಕ, ನಿನಗೆ ಆಡಬೇಕೆನಿಸುವುದಿಲ್ಲವೇ ಎಂದು ಕೇಳಿಸಿದಳು. ಹುಡುಗ ಬೆಂಚಿನ ಹತ್ತಿರದ ಕೆಂಪು ಗೋಲಿಯ ಕಡೆ ನೋಡದೆ ಹೇಳಿದ.

"ಸೊಂಟ ನೋವು."

ಹಕ್ಕಿಯಮ್ಮ ಅವನ ಕೈಗಳನ್ನು ಸ್ವಲ್ಪ ಹೊತ್ತು ನೋಡಿದಳು. ಸೊಂಟ ಹಿಡಿದ ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಆಮೇಲೆ ಉಳಿದವರನ್ನು ಒಬ್ಬೊಬ್ಬರಾಗಿ ಕೇಳಿದಳು, ನೀವು ಕೆಲಸಕ್ಕೆ ಸೇರಿದ್ದು ಎಷ್ಟನೆಯ ವಯಸ್ಸಿಗೆ ಎಂದು. ಲೋಕ್ ದೊಡ್ಡಪ್ಪ ಒಂಬತ್ತು ಎಂದ. ಗೋಕ್ ತೋಂಗ್ ಹತ್ತು. ಮೇಸ್ತ್ರಿ ಹನ್ನೊಂದು. ಅವಳು ಬರೆದುಕೊಳ್ಳುತ್ತ ಹೋದಳು, ನಡುವೆ ಎಲ್ಲೋ ಬರೆಯುವುದನ್ನು ನಿಲ್ಲಿಸಿದಳು. ಕೊನೆಗೆ ಹುಡುಗನ ಹೆಸರಿನ ಮುಂದೆ ಹದಿನೇಳು ಎಂದು ಹಾಕಿದಳು. ಈ ಮನೆಯಲ್ಲಿ ಮಕ್ಕಳಿದ್ದಾರೆ, ಆದರೆ ಅವರಿಗೆಲ್ಲ ಶಾಲೆಯ ಬೆಂಚು ಚಿಕ್ಕದಾಗುತ್ತದೆ ಎಂದಳಂತೆ. ಚೀಲವನ್ನು ಬಿಟ್ಟು ಹೋದಳು. ಮರೆತು ಬಿಟ್ಟಳೋ, ಬಿಡಬೇಕೆಂದೇ ಬಿಟ್ಟಳೋ ಎಂಬ ವಾದ ನಮ್ಮ ಹೊಳೆದಂಡೆಯಲ್ಲಿ ಇನ್ನೂ ಮುಗಿದಿಲ್ಲ.

ಆ ದಿನ ಎಲ್ಲರೂ ಸೀದ ಅನ್ನವನ್ನೇ ಉಂಡರು, ಒಬ್ಬರೂ ಗೊಣಗಲಿಲ್ಲ. ಹುಡುಗ ಮಾತ್ರ ಉಣ್ಣಲಿಲ್ಲ. ಗೆದ್ದಿದ್ದ, ಗಂಟೆ ಹೊಡೆದರೆ ಆಟ ಎಂಬ ಜಾಗ ಮಾತ್ರ ಹೊಳೆಯಾಚೆಗೆ ಹೋಯಿತು. ಕತ್ತರಿಸಲು ಈರುಳ್ಳಿಯೂ ಇರಲಿಲ್ಲ.

ಸೋಮವಾರ ಊಟವಾದ ಮೇಲೆ ಗೋಕ್ ತೋಂಗ್ ಅವನನ್ನು ಅಕ್ಕಿ ಕೋಣೆಗೆ ಕರೆದು, ಒಳಗಿನಿಂದ ಅಗುಳಿ ಹಾಕಿದ. ಹುಡುಗ ಸೌಟಿನ ಏಟು ಬೀಳುತ್ತದೆಂದು ಕೈ ಅಡ್ಡ ಹಿಡಿದ. ಅಪ್ಪ ಜೇಬಿನಿಂದ ಚೀಲ ತೆಗೆದ. ತಪ್ಪಲೆಯನ್ನು ಸೌಟಿನಿಂದ ಒಮ್ಮೆ ಢಣ್ ಎಂದು ಹೊಡೆದ.

"ಗಂಟೆ ಹೊಡೀತು," ಎಂದ. "ಕಾಲು ತಾಸು ನಿಂಗೆ ಹನ್ನೆರಡು ವರ್ಷ. ಆಮೇಲೆ ಹದಿನೇಳು. ಕೆಂಪುದು ನಿಂದು, ನೀಲಿ ನಂದು. ಮೋಸ ಮಾಡ್ಬಾರ್ದು."

ಇಬ್ಬರೂ ಮೋಸ ಮಾಡಿದರು. ಆ ಕೋಣೆಯಲ್ಲಿ ಪ್ರತಿದಿನ ಕಾಲು ತಾಸಿನಂತೆ ಹುಡುಗ ಬೆಳೆದ, ಹೊರಗೆ ಬಂದು ಉಳಿದ ವಯಸ್ಸನ್ನು ಬೆಳೆದ. ಅವನಿಗೆ ನಿಜವಾಗಿ ಹದಿನೇಳಾದ ವರ್ಷ ಕಾಗದದಲ್ಲಿ ಇಪ್ಪತ್ತೆರಡು. ಆಗಲೂ ತಪ್ಪಲೆ ಢಣ್ ಎನ್ನುತ್ತಿತ್ತು. ಗೋಕ್ ತೋಂಗ್ ಮುದುಕನಾಗಿ ಹಾಸಿಗೆ ಹಿಡಿದಾಗ ಅವನನ್ನು ನೋಡಿಕೊಂಡವನು, ತೀರಿಕೊಂಡಾಗ ಕಲ್ಲು ನೆಡಿಸಿದವನು ಲಾಮ್. ಕಲ್ಲಿನ ಮೇಲೆ ಮಗ ಯೀ ಬಾಕ್ ಲಾಮ್ ಎಂದು ಕೆತ್ತಿಸಿದ.

ಕಾಗದದಲ್ಲಿ ಅರವತ್ತೈದು ತುಂಬಿದ ದಿನ ಲಾಮಜ್ಜ ಕಾರ್ಖಾನೆಯ ಕೆಲಸ ಬಿಟ್ಟರು. ಅದೇ ಕಾಲಕ್ಕೆ ಸರ್ಕಾರದಿಂದ ಹೊಸದೊಂದು ಏರ್ಪಾಡು ಬಂದಿತ್ತು. ಹಳೆಯ ಸುಳ್ಳು ಕಾಗದದವರು ಬಂದು ನಿಜ ಒಪ್ಪಿಕೊಂಡರೆ ನಿಜ ಹೆಸರು, ನಿಜ ವಯಸ್ಸು ಬರೆದುಕೊಡುತ್ತಾರಂತೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಚೀನಾದಿಂದ ಬಂದು ಸೇರಿದ್ದ ಹೆಂಡತಿ ಸಿಯೂ ಪಿಂಗ್‌ಗೆ ಇದು ಬಹಳ ಹಿಡಿಸಿತು.

"ಹೋಗಿ ಒಪ್ಕೊಂಡು ಬನ್ರಿ. ಐದು ವರ್ಷ ಚಿಕ್ಕೋರಾಗ್ತೀರಿ."

"ಚಿಕ್ಕೋನಾದ್ರೆ ಮತ್ತೆ ಐದು ವರ್ಷ ಮೀನು ತೊಳೀಬೇಕಲ್ಲೇ. ಐದು ವರ್ಷ ಮುಂಚೆ ಸೇರ್ದೆ, ಐದು ವರ್ಷ ಮುಂಚೆ ಬಿಟ್ಟೆ. ಸರಿಹೋಯ್ತು."

ಅಜ್ಜ ಮತ್ತೆ ಹೇಳಿದರು.

"ಅಲ್ದೆ ಆ ಮುದುಕನ ಕಲ್ಲಿನ ಮೇಲಿರೋ ಹೆಸರು ಯಾರು ಅಳಿಸ್ತಾರೆ? ಒಬ್ನೇ ಮಗ ಅವ್ನಿಗೆ."

ಹೀಗೆ ಉಳಿಸಿಕೊಂಡ ಐದು ವರ್ಷವನ್ನು ಲಾಮಜ್ಜ ಹೇಗೆ ಕಳೆದರೆಂದು ನಮ್ಮ ಊರಿಗೆಲ್ಲ ಗೊತ್ತು. ಮಧ್ಯಾಹ್ನ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಬೇಲಿಯ ಹತ್ತಿರ ಹಾಜರಿರುತ್ತಿದ್ದರು, ಜೇಬಿನಲ್ಲಿ ಕೆಂಪು ಗೋಲಿ ಇಟ್ಟುಕೊಂಡು. ಮೂರನೆಯ ತರಗತಿಯ ಮಕ್ಕಳು ಅವರನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿದ್ದರು, ಆದರೆ ಕೊನೆಯ ಸರದಿಗೆ. ಯಾಕೆಂದರೆ ಮೋಸ ಮಾಡುತ್ತಿದ್ದರು. ಒಮ್ಮೆ ಮಕ್ಕಳು ಟೀಚರಿಗೆ ದೂರು ಕೊಟ್ಟರು. ಟೀಚರಮ್ಮ ಹೊರಗೆ ಬಂದು, ಇನ್ನೊಂದು ಸಲ ಹೀಗಾದರೆ ಬೇಲಿಯೊಳಗೆ ಬಿಡುವುದಿಲ್ಲ ಎಂದು ಎಲ್ಲರೆದುರು ಗದರಿಸಿದರು.

ಅಜ್ಜ ಎರಡು ದಿನ ಆ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಮಕ್ಕಳೇ ಮನೆಯ ಬಾಗಿಲಿಗೆ ಬಂದು, ಯಾಕಜ್ಜ ಬರಲಿಲ್ಲ ಎಂದು ಕೇಳಿದರು. ಸೊಂಟ ನೋವಿತ್ತು ಎಂದು ಹೇಳಿ ಲಾಮಜ್ಜ ಒಂದು ನಿಟ್ಟುಸಿರು ಬಿಟ್ಟರು. ಆಮೇಲೆ ಗಂಟೆ ಹೊಡೆಯಿತೇ ಎಂದು ವಿಚಾರಿಸಿಕೊಂಡು, ಅವರಿಗಿಂತ ಮುಂದೆ ಓಡಿದರು.